ಎರಡು ಉಂಗುರಗಳ ನಡುವಿನ ಸಂದು

ಫೆಬ್ರವರಿ 3

ಅಮ್ಮಾ,

ಈ ಬೆಳಿಗ್ಗೆ ವರ್ಕ್‌ಶಾಪಿನ ತೊಳೆಯುವ ತೊಟ್ಟಿಯಲ್ಲಿ ನನ್ನ ಮುಖ ಕಾಣಿಸಿತು. ಸೀಮೆಎಣ್ಣೆ ಅಷ್ಟು ತಿಳಿಯಾಗಿ, ಅಲುಗದೆ ನಿಂತಿತ್ತು. ಬಿಡಿಭಾಗ ತೊಳೆಯುವ ನಮ್ಮ ತೊಟ್ಟಿಯಣ್ಣ ಹಲ್ಲುನೋವೆಂದು ಬಂದಿರಲಿಲ್ಲ. ಅವನಿದ್ದರೆ ಬಾಗಿಲು ತೆಗೆದ ಕ್ಷಣದಿಂದ ಅದರಲ್ಲಿ ಏನಾದರೊಂದು ಮುಳುಗಿಯೇ ಇರುತ್ತದಲ್ಲ. ಹೋದ ವಾರ ಮಾವನ ಊಟದ ಡಬ್ಬಿಯನ್ನೂ ಮುಳುಗಿಸಿದ್ದ. ಕೇಳಿದರೆ "ಜಿಡ್ಡಾಗಿತ್ತು ಸಾರ್" ಅಂದನಂತೆ.

ಫೋನಿನಲ್ಲಿ ನಾನು "ಹೂಂ" ಬಿಟ್ಟು ಇನ್ನೇನೂ ಹೇಳುವುದಿಲ್ಲ, ಕಾಗದ ಕೈಗೆ ಬಂದರೆ ಮಾತ್ರ ಬಾಯಿ ಬರುತ್ತದೆ ಎಂದು ನೀನೇ ಬೈದದ್ದು. ಹಾಗಾಗಿ ಬರೆಯುತ್ತಿದ್ದೇನೆ. ಪೇಪರ್ ಮಿಲ್ಲಿನ ಬಿಸಿನೀರಿನ ಪಂಪನ್ನು ಇವತ್ತು ಬಿಚ್ಚಿದೆವು. ಹೌದು, ಅದೇ ಪಂಪು. ನೀನು ಆ ದೂರದ ವಿದ್ಯುತ್ ಸ್ಥಾವರದ ಕೆಲಸ ಒಪ್ಪಿಕೊಂಡು ಹೊರಟಂದಿನಿಂದ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿತ್ತು. ಅದರ ಪಕ್ಕ ಹಾದುಹೋಗುವಾಗ ಮಾವ ಬೇಕೆಂದೇ ಆಚೆ ಮುಖ ತಿರುಗಿಸುತ್ತಿದ್ದರು, ಒಂದೇ ಮನೆಯಲ್ಲಿ ಮಾತು ಬಿಟ್ಟವರ ಹಾಗೆ.

ನಿನ್ನೆ ಮಿಲ್ಲಿನ ಇಂಜಿನಿಯರಮ್ಮ ಬಂದಿದ್ದರು. ಕೂರಲಿಲ್ಲ. "ಎರಡು ಸಲ ರಿಪೇರಿ ಮಾಡಿದ್ರಿ. ಎರಡು ಸಲಾನೂ ಸ್ವಿಚ್ ಹಾಕಿದ ಕೂಡಲೇ ಹಿಡ್ಕೊಂಡು ನಿಂತ್ಹೋಯ್ತು. ಇನ್ನೊಂದು ಸಲ ನೋಡ್ತೀನಿ. ಆಮೇಲೆ ನಮ್ಮ ಪಂಪುಗಳೆಲ್ಲ ಬೇರೆ ಕಡೆ ಹೋಗ್ತವೆ" ಎಂದರು. ಅವರು ಹೋದ ಮೇಲೆ ಮಾವ, "ಅವರ ಪಂಪು ಹೋದ್ರೆ ನಮ್ಮ ಹತ್ರ ಉಳಿಯೋದು ತೊಟ್ಟಿ ಮತ್ತೆ ತೊಟ್ಟಿಯಣ್ಣ, ಅಷ್ಟೇ" ಎಂದು ನಕ್ಕರು. ನಕ್ಕವರು ಎದುರಿಗಿದ್ದ ಚಹಾ ಮಾತ್ರ ಕುಡಿಯಲಿಲ್ಲ.

ನೀನೂ ಮಾವನೂ ಜಗಳವಾಡುವಾಗ ನಾನು ಬಿಲ್ಲು ಬರೆಯುವ ಕೋಣೆಯಿಂದ ಕೇಳಿಸಿಕೊಂಡು ಕಲಿತದ್ದು ಇಷ್ಟು, ತಪ್ಪಿದ್ದರೆ ತಿದ್ದು. ಪಂಪಿನೊಳಗೆ ನೀರು ತಳ್ಳುವ ಚಕ್ರ ಇರುತ್ತದೆ. ಅದರ ಕತ್ತಿಗೆ ಒಂದು ಉಂಗುರ. ಅದು ಚಕ್ರದ ಜೊತೆ ತಿರುಗುತ್ತದೆ. ಅದನ್ನು ಸುತ್ತುವರಿದು ಹೊರಗಿನ ಕವಚದಲ್ಲಿ ಇನ್ನೊಂದು ಉಂಗುರ, ಅದು ಕದಲುವುದಿಲ್ಲ. ಎರಡರ ನಡುವೆ ಸಂದು. ಸಂದು ದೊಡ್ಡದಾದರೆ ಮುಂದೆ ಹೋಗಬೇಕಾದ ನೀರು ಅಲ್ಲೇ ನುಸುಳಿ ಹಿಂದಕ್ಕೆ ಬರುತ್ತದೆ, ಪಂಪು ದುಡಿದದ್ದೆಲ್ಲ ದಂಡ. ಸಂದು ಕಿರಿದಾದರೆ ಉಂಗುರಕ್ಕೆ ಉಂಗುರ ತಾಗಿ ಹಿಡಿದುಕೊಳ್ಳುತ್ತದೆ. ಮಾವ ಮೊದಲ ಸಲ ಬಿಟ್ಟದ್ದು ಮೂವತ್ತು. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂವತ್ತು. ನೀನು ನಲವತ್ತೆಂಟು ಬಿಡು ಎಂದೆ, ಮಾವ ಮುಖ ಗಂಟಿಕ್ಕಿಕೊಂಡು ನಲವತ್ತು ಬಿಟ್ಟರು. ಆಗಲೂ ಹಿಡಿಯಿತು. "ನೋಡು, ನೀ ಹೇಳಿದ ಹಾಗೆ ಅಗಲ ಮಾಡಿದ್ರೂ ಹಿಡೀತು" ಎಂದು ಮಾವ. "ನಾ ಹೇಳಿದಷ್ಟು ಮಾಡಿದ್ಯಾ?" ಎಂದು ನೀನು. ಆಮೇಲಿನದ್ದು ನಾನು ಬರೆಯುವುದಿಲ್ಲ.

ಇವತ್ತು ಕವಚದ ಉಂಗುರ ಕಳಚಿ ಬಂದಾಗ ತೊಳೆಯುವವನಿರಲಿಲ್ಲವಾದ್ದರಿಂದ ಅದು ಹಾಗೇ ನನ್ನ ಕೈಗೆ ಬಂತು. ಒಳಮೈಗೆಲ್ಲ ಬಿಸಿನೀರಿನ ಕಪ್ಪು ಪೊರೆ. ಒಂದು ಕಡೆ ಮಾತ್ರ ಪೊರೆ ಕಿತ್ತುಹೋಗಿ, ಎಳೆ ಚಂದ್ರನ ಆಕಾರದಲ್ಲಿ ಲೋಹ ಹೊಳೆಯುತ್ತಿತ್ತು. ಉಂಗುರ ತಿರುಗದಂತೆ ಪಿನ್ನು ಹಾಕುವ ತೂತು ಪಂಪಿನಲ್ಲಿ ಮೇಲ್ಗಡೆ ಇರುತ್ತದಲ್ಲವೇ? ಈ ಹೊಳಪು ಅದರ ಸರೀ ಎದುರಿಗೆ, ಎಂದರೆ ತಳದಲ್ಲಿ. ಸಂದು ಕಿರಿದಾದದ್ದೇ ಕಾರಣವಾಗಿದ್ದರೆ ಸುತ್ತಲೂ ಉಜ್ಜಬೇಕಿತ್ತು. ತಳದಲ್ಲೇ ಯಾಕೆ?

ನಾಳೆ ತೊಟ್ಟಿಯಣ್ಣ ತಂತಿ ಬ್ರಷ್ ಹಿಡಿದು ಬರುತ್ತಾನೆ. ನಾನು ಉಂಗುರವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ತಪ್ಪು ಮಾಡಿದೆನೇ?

ನಿನ್ನ
ಮಗಳು

*

ಫೆಬ್ರವರಿ 14

ಮಗಳೇ,

ತಪ್ಪು ಮಾಡಿದೆ. ತೊಳೆಯದ ಒಂದು ಚೂರೂ ಮೇಜಿನ ಹತ್ತಿರ ಬರಬಾರದು ಎನ್ನುವುದು ನಮ್ಮ ವರ್ಕ್‌ಶಾಪಿನ ನಿಯಮ. ಆ ನಿಯಮ ಮಾಡಿದವಳು ನಾನು. ತೊಟ್ಟಿಯಣ್ಣನಿಗೆ ಬ್ರಷ್ ಹಿಡಿಯಲು ಕಲಿಸಿದವಳೂ ನಾನು. ಮೊದಲ ಸಲ ಹಿಡಿದುಕೊಂಡ ಮೇಲೆ ಈ ಪಂಪು ಬಿಚ್ಚಿದಾಗ ಉಂಗುರ ನನ್ನ ಕೈಗೆ ಬಂದದ್ದು ತೊಳೆದು ತಿಕ್ಕಿ, ಕನ್ನಡಿಯ ಹಾಗೆ ಹೊಳೆಯುತ್ತಾ. ಎಲ್ಲಾ ಕಡೆಯೂ ಹೊಳೆಯುವುದರಲ್ಲಿ ಒಂದು ಕಡೆಯ ಹೊಳಪು ಯಾರಿಗೆ ಕಾಣಬೇಕು? ನಾನು ಅಳೆದೆ, ನಿನ್ನ ಮಾವ ಅಳೆದ, ಇಬ್ಬರೂ ಮಾತಿಗೆ ಮಾತು ಬೆಳೆಸಿದೆವು. ಇನ್ನೂ ಹತ್ತು ಸಲ ಅಳೆದಿದ್ದರೂ ಅಷ್ಟೇ ಆಗುತ್ತಿತ್ತು.

ಹೀಗೆ ಬರೆಯುವುದು ಸುಲಭ ಅಂದುಕೊಳ್ಳಬೇಡ. ಈ ಹಾಳೆ ಮೂರನೆಯದು.

ಈಗ ಕೇಳು. ಕವಚದ ಉಂಗುರ ತಳದಲ್ಲಿ ಮಾತ್ರ ಉಜ್ಜಿದ್ದರೆ ಎರಡರಲ್ಲಿ ಒಂದಾಗಿರಬೇಕು. ಚಕ್ರವನ್ನು ಹೊತ್ತು ತಿರುಗಿಸುವ ನಡುವಿನ ಉದ್ದ ಕಂಬಿ ತನ್ನ ಭಾರಕ್ಕೆ ತಾನೇ ಜಗ್ಗಿರಬೇಕು. ಇಲ್ಲವೇ ಕವಚ ಮೇಲಕ್ಕೆದ್ದಿರಬೇಕು. ಈ ಕಂಬಿ ಅಷ್ಟು ಜಗ್ಗುವಂಥದ್ದಲ್ಲ, ನನಗೆ ಗೊತ್ತು. ಹಾಗಾದರೆ ಕವಚ ಯಾಕೆ ಏಳುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ. ಮಿಲ್ಲಿನಲ್ಲಿ ಇದೇ ಜಾತಿಯ ಇನ್ನೆರಡು ಪಂಪುಗಳಿವೆ. ಒಂದು ಓಡುತ್ತಿರುತ್ತದೆ, ಒಂದು ಸುಮ್ಮನೆ ನಿಂತಿರುತ್ತದೆ. ನಿಂತಿರುವುದರ ಹತ್ತಿರ ಹೋಗು. ನೆತ್ತಿಯ ಹತ್ತಿರ ಅಂಗೈ ಹಿಡಿ, ಆಮೇಲೆ ಹೊಟ್ಟೆಯ ಕೆಳಗೆ ಹಿಡಿ. ಅಲ್ಲಿ ಕೆಲಸ ಮಾಡುವವರನ್ನು ಮಾತಾಡಿಸಬೇಕಾಗುತ್ತದೆ. ಮಾತಾಡಿಸು. ಅವರೇನೂ ನಿನ್ನನ್ನು ತಿನ್ನುವುದಿಲ್ಲ.

ಎರಡೂ ಉಂಗುರಗಳು ಯಾವ ಲೋಹ ಎಂಬುದನ್ನೂ ನೋಡಿ ಬರೆ.

ಅವನು ಆಮೇಲೆ ಚಹಾ ಕುಡಿದನೇ?

ಅಮ್ಮ

*

ಫೆಬ್ರವರಿ 27

ಅಮ್ಮಾ,

ಹೋಗಿ ಬಂದೆ. ಗೇಟಿನ ಹತ್ತಿರ ಹೇಳಬೇಕಾದ ವಾಕ್ಯವನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಗೇಟಿನವನು ಏನೂ ಕೇಳದೆ ಒಳಗೆ ಬಿಟ್ಟುಬಿಟ್ಟ. ಅಷ್ಟೂ ವ್ಯರ್ಥವಾಯಿತು.

ಪಂಪಿನ ಕೋಣೆ ನೆಲಮಾಳಿಗೆಯಲ್ಲಿದೆ. ಗೋಡೆಯುದ್ದಕ್ಕೂ ಬೆಳ್ಳಿಬಣ್ಣದ ಹೊದಿಕೆ ಹಾಕಿದ ಕೊಳವೆಗಳು, ನೆಲ ಒದ್ದೆ, ಮಾತು ಕೇಳಿಸಬೇಕಾದರೆ ಕಿವಿಯ ಹತ್ತಿರವೇ ಹೋಗಿ ಕೂಗಬೇಕು. ಅಲ್ಲಿ ಬಾಯ್ಲರಿನವರು ಒಬ್ಬರಿದ್ದರು, ಅಪ್ಪನ ವಯಸ್ಸಿನವರು, ಹೆಗಲ ಮೇಲೆ ಟವೆಲ್ಲು. ನಾನು ಪಂಪಿಗೆ ಅಂಗೈ ತೋರಿಸುತ್ತಾ ನಿಂತದ್ದನ್ನು ನೋಡಿ, "ಏನಮ್ಮಾ, ಜ್ವರ ನೋಡ್ತಾ ಇದ್ದೀಯಾ?" ಎಂದರು.

"ಹೂಂ" ಎಂದೆ.

ಜ್ವರ ಇತ್ತಮ್ಮಾ. ನೆತ್ತಿಯ ಹತ್ತಿರ ಅಂಗೈ ನಿಲ್ಲಿಸಲು ಆಗಲಿಲ್ಲ. ಹೊಟ್ಟೆಯ ಕೆಳಗೆ ಮುಟ್ಟಿದರೂ ಬೆಚ್ಚಗಷ್ಟೇ. ಬಿಸಿನೀರು ಮೇಲೆ ತೇಲುತ್ತದೆ, ತಣ್ಣನೆಯದು ತಳದಲ್ಲಿ ಕೂರುತ್ತದೆ. ಕಬ್ಬಿಣವೂ ಹಾಗೇ ಅಲ್ಲವೇ, ಮೇಲೆ ಹಿಗ್ಗುತ್ತದೆ, ಕೆಳಗೆ ಹಿಗ್ಗುವುದಿಲ್ಲ. ಇಡೀ ಪಂಪು ಬೆಕ್ಕು ಮೈಮುರಿಯುವಾಗ ಬೆನ್ನೆತ್ತುವ ಹಾಗೆ ಮೇಲಕ್ಕೆ ಬಾಗುತ್ತದೆ. ಕವಚದ ಉಂಗುರವೂ ಅದರ ಜೊತೆ ಎದ್ದು, ತಳದಲ್ಲಿ ಚಕ್ರದ ಉಂಗುರಕ್ಕೆ ತಾಗುತ್ತದೆ. ಆ ಗಳಿಗೆಯಲ್ಲೇ ಸ್ವಿಚ್ ಹಾಕುತ್ತಾರೆ.

ಇದೆಲ್ಲ ನನಗೆ ಅಲ್ಲಿಯೇ, ಕೈ ಮುಂದೆ ಚಾಚಿಕೊಂಡು ನಿಂತಾಗಲೇ ಹೊಳೆದುಬಿಟ್ಟಿತು. ಬಾಯ್ಲರಿನವರ ಕಿವಿಯ ಹತ್ತಿರ ಹೋಗಿ ಕೂಗಿದೆ: "ಶುರು ಮಾಡೋ ಮುಂಚೆ ಪಂಪನ್ನ ಕಾಯಿಸಲ್ವಾ?"

"ಕಾಯಿಸ್ತಾ ಕೂತ್ರೆ ಮೇಲೆ ಪೇಪರ್ ಮೆಷಿನ್ನು ಕಾಯುತ್ತಾ?"

"ತಳದಲ್ಲಿ ಸಣ್ಣ ಕೊಳವೆ ಇದೆಯಲ್ಲ, ಅದು ಏನಕ್ಕೆ?"

"ಅದಾ? ಅದರಿಂದ ಬಿಸಿನೀರು ಬಿಟ್ಟು ಕಾಯಿಸೋಕೆ ಮಾಡಿದ್ದು. ಸೋರ್ತಿತ್ತು, ಅದಕ್ಕೇ ತಗಡು ಹಾಕಿ ಮುಚ್ಚಿದ್ವಿ. ಈಗ ಸೋರಲ್ಲ."

ಹೆಮ್ಮೆಯಿಂದಲೇ ಹೇಳಿದರು. ಹಾಗಾದರೆ ಈ ಎರಡು ಪಂಪುಗಳು ಯಾಕೆ ಹಿಡಿದುಕೊಳ್ಳುವುದಿಲ್ಲ ಎಂದು ಕೇಳಿದೆ. "ಇವು ಮುದುಕಮ್ಮಂದಿರು. ಉಂಗುರ ಸವೆದೂ ಸವೆದೂ ಸಂದಿನಲ್ಲಿ ನನ್ನ ಬೆರಳು ಹೋಗುತ್ತೆ. ಹಿಡ್ಕೊಳೋದೂ ಇಲ್ಲ, ನೀರು ಕೊಡೋದೂ ಇಲ್ಲ" ಎಂದರು. ಇಂಜಿನಿಯರಮ್ಮನಿಗೆ ನಮ್ಮ ಪಂಪಿನ ಮೇಲೆ ಯಾಕಷ್ಟು ಆತುರ ಎಂದು ಆಗ ತಿಳಿಯಿತು. ಹಿಡಿಯದಿದ್ದರಷ್ಟೇ ಸಾಲದು, ನೀರನ್ನೂ ಪೂರ್ತಿ ಕೊಡಬೇಕು.

ಮಾವನಿಗೆ ಹೇಳಿದೆ. "ಹಾಗಾದ್ರೆ ತಪ್ಪು ಸಂದಿನದ್ದಲ್ಲ. ಅವರು ಕಾಯಿಸಿ ಶುರು ಮಾಡ್ಲಿ, ನಾನು ಮೂವತ್ತೇ ಬಿಡ್ತೀನಿ. ನನ್ನ ಉಂಗುರದ ನಡುವೆ ಕೂದಲೂ ತೂರಬಾರದು" ಎಂದರು. ನನಗೆ ಅದು ಸರಿ ಎನಿಸುತ್ತಿಲ್ಲ, ಯಾಕೆಂದು ಹೇಳಲೂ ಬರುತ್ತಿಲ್ಲ. ಉಂಗುರಗಳೆರಡೂ ಒಂದೇ ಜಾತಿಯ ಸ್ಟೇನ್‌ಲೆಸ್ ಸ್ಟೀಲು. ಬೇರೆ ಲೋಹ ಬೇಕು ಎನ್ನುವುದಾದರೆ, ತರಿಸಲು ಮಿಲ್ಲಿನವರು ಕೊಟ್ಟ ಗಡುವು ಸಾಲದು.

ಚಹಾ ಕುಡಿಯುತ್ತಿದ್ದಾರೆ. ಅಂಚೆಯವನು ಬಂದಾಗಲೆಲ್ಲ ಬಾಗಿಲಿನ ಕಡೆ ನೋಡುತ್ತಾರೆ. ಯಾರ ಪತ್ರ ಎಂದು ಮಾತ್ರ ಕೇಳುವುದಿಲ್ಲ.

ನಿನ್ನ
ಮಗಳು

*

ಮಾರ್ಚ್ 10

ಮಗಳೇ,

ಬೆಕ್ಕಿನ ಬೆನ್ನು ಎಂದು ಬರೆದೆಯಲ್ಲ, ಇಲ್ಲಿನ ಫಿಟ್ಟರುಗಳಿಗೆ ಓದಿ ಹೇಳಿದೆ. ಈಗ ಇಲ್ಲಿ ಎಲ್ಲರೂ ಪಂಪು ಶುರು ಮಾಡುವ ಮುಂಚೆ "ಬೆಕ್ಕು ಮಲಗಿದೆಯಾ?" ಎಂದು ಕೇಳುತ್ತಾರೆ.

ಲೋಹದ ವಿಷಯ. ಒಂದೇ ಜಾತಿಯ ಎರಡು ಸ್ಟೀಲು ತಾಗಿದರೆ ಉಜ್ಜಿಕೊಂಡು ದೂರ ಸರಿಯುವುದಿಲ್ಲ. ಒಂದರ ಮೈ ಇನ್ನೊಂದಕ್ಕೆ ಅಂಟಿ ಕಿತ್ತು ಬರುತ್ತದೆ. ಕಂಚು ಹಾಗಲ್ಲ, ಒಮ್ಮೆ ತಾಗಿದರೆ ಕ್ಷಮಿಸುತ್ತದೆ. ನಿನ್ನ ಮಾವ ಕೆಲಸ ಕಲಿತದ್ದು ತಣ್ಣೀರಿನ ಪಂಪಿನಲ್ಲಿ, ಕಂಚಿನ ಉಂಗುರದಲ್ಲಿ. ಅಲ್ಲಿ ಅವನ ಮೂವತ್ತು ಚಿನ್ನದಂಥದ್ದು. ಅದನ್ನು ಅವನಿಗೆ ಹೇಳು. ನಾನು ಹೇಳಲಿಲ್ಲ, ಹೇಳಬೇಕಿತ್ತು.

ಕಪಾಟಿನ ಮೇಲಿನ ಸಾಲಿನಲ್ಲಿ ದಪ್ಪ ಪುಸ್ತಕವಿದೆ. ಉಂಗುರದ ವ್ಯಾಸಕ್ಕೆ ಎಷ್ಟು ಸಂದು ಎಂಬ ಕೋಷ್ಟಕ ಅದರಲ್ಲಿದೆ. ನನ್ನ ನಲವತ್ತೆಂಟು ಅಲ್ಲಿಂದ ಬಂದದ್ದು. ನಾನು ಅಂಕಿ ನೋಡಿ ಪುಸ್ತಕ ಮುಚ್ಚುವವಳು. ನೀನು ಹಾಗಲ್ಲ, ಸಾಹಿತ್ಯ ಓದಿದವಳು, ಅಡಿಟಿಪ್ಪಣಿಯನ್ನೂ ಬಿಡುವುದಿಲ್ಲ. ಓದು.

ಸಂಖ್ಯೆಯನ್ನು ನಾನು ಹೇಳುವುದಿಲ್ಲ. ಇಲ್ಲಿಂದ ಹೇಳಿದರೆ ಅದು ಅಕ್ಕನ ಸಂಖ್ಯೆಯಾಗುತ್ತದೆ. ಅವನು ಅದಕ್ಕಿಂತ ಎಂಟು ಕಡಿಮೆ ಬಿಡುತ್ತಾನೆ. ನೀನೇ ಆರಿಸು.

ಅಮ್ಮ

*

ಮಾರ್ಚ್ 19

ಅಕ್ಕಾ,

ನಾನು ಬರೆಯುತ್ತೇನೆಂದು ನೀನು ಅಂದುಕೊಂಡಿರಲಿಕ್ಕಿಲ್ಲ. ನಾನೂ ಅಂದುಕೊಂಡಿರಲಿಲ್ಲ.

ನಿನ್ನ ಮಗಳು ಅರವತ್ತು ಅನ್ನುತ್ತಾಳೆ. ಅರವತ್ತು. ನಮ್ಮ ವರ್ಕ್‌ಶಾಪಿನಿಂದ ಅಷ್ಟು ಸಡಿಲವಾದ ಉಂಗುರ ಇವತ್ತಿನವರೆಗೆ ಹೊರಗೆ ಹೋಗಿಲ್ಲ. ಲಾರಿಯೇ ಹೋಗುತ್ತದೆ ಆ ಸಂದಿನಲ್ಲಿ ಅಂದೆ. ಅವಳು ಪುಸ್ತಕ ತಂದು ಎದುರಿಗಿಟ್ಟಳು. ಕೋಷ್ಟಕದ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಬರೆದಿದೆ: ತಾಗಿದರೆ ಅಂಟಿಕೊಳ್ಳುವ ಲೋಹವಾದರೆ ಇನ್ನೂ ಹನ್ನೆರಡು ಸೇರಿಸಬೇಕಂತೆ. ಇಷ್ಟು ವರ್ಷ ಆ ಪುಸ್ತಕ ನಮ್ಮ ಕಪಾಟಿನಲ್ಲಿತ್ತು. ನಾನು ಅದನ್ನು ಇಳಿಸುತ್ತಿದ್ದುದು ಗಾಳಿ ಬೀಸಿದಾಗ ಕಿಟಕಿ ಮುಚ್ಚಿಕೊಳ್ಳದ ಹಾಗೆ ಒತ್ತಿಡಲು ಮಾತ್ರ.

ನಾನು ಕೇಳಿದೆ, "ಏನಮ್ಮಾ ಪಂಡಿತಮ್ಮಾ, ಕಾಯಿಸಿದ್ರೆ ಕವಚ ಬಾಗಲ್ಲ ಅಂತ ನೀನೇ ಅಂದೆ. ಬಾಗದಿದ್ದ ಮೇಲೆ ಅಷ್ಟು ಸಂದು ಯಾಕೆ?" ಅವಳು ನೆಲ ನೋಡುತ್ತಾ ಹೇಳಿದಳು: "ಮಾವ, ದಿನಾ ಕಾಯಿಸ್ತಾರೆ. ಒಂದು ದಿನ ಮರೀತಾರೆ. ಆ ಒಂದು ದಿನಕ್ಕೆ." "ಹಾಗಾದ್ರೆ ನೂರೇ ಬಿಡು, ಇನ್ನೂ ಕ್ಷೇಮ" ಎಂದು ಕೆಣಕಿದೆ. "ನೂರು ಬಿಟ್ರೆ ಅದು ಹುಟ್ಟಿದ ದಿನವೇ ಮುದುಕಿ" ಅಂದಳು.

ಅವಳು ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕತ್ತು ಕೆಂಪಾಗಿತ್ತು, ಆದರೆ ಸಂಖ್ಯೆ ಕದಲಲಿಲ್ಲ.

ಆದರೂ ಮೂರನೇ ಸಲ ಸೋತರೆ ಬೋರ್ಡು ಇಳಿಸುವವನು ನಾನು. ಒಂದು ಮಾತು ಬರೆ. ಉತ್ತರ ಬರುವವರೆಗೆ ಉಂಗುರ ಕೊರೆಯಲು ಲೇತ್ ಮುಟ್ಟುವುದಿಲ್ಲ.

ತಮ್ಮ

*

ಮಾರ್ಚ್ 25

ತಮ್ಮಾ,

ನಿನ್ನ ಮೂವತ್ತೂ ಅಲ್ಲ, ನನ್ನ ನಲವತ್ತೆಂಟೂ ಅಲ್ಲ. ಅವಳು ಹೇಳಿದ್ದೇ ಸರಿ.

ನಿನ್ನಷ್ಟು ನಿಖರವಾಗಿ ಕೊರೆಯುವವರನ್ನು ನಾನು ಇಲ್ಲಿಯೂ ಕಾಣಲಿಲ್ಲ, ಎಲ್ಲಿಯೂ ಕಾಣಲಿಲ್ಲ. ಅರವತ್ತು ಅಂದರೆ ಅರವತ್ತೇ ಕೊರೆ. ಐವತ್ತೆರಡು ಮಾಡಬೇಡ.

ಮುಂದಿನ ತಿಂಗಳ ಕೊನೆಗೆ ಇಲ್ಲಿನ ಕೆಲಸ ಮುಗಿಯುತ್ತದೆ. ಬರಲೇ?

ಅಕ್ಕ

*

ಏಪ್ರಿಲ್ 12

ಅಮ್ಮಾ,

ಓಡುತ್ತಿದೆ. ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ನೀನು ಕೊನೆಯ ಹಾಳೆಯಿಂದ ಓದಲು ಶುರು ಮಾಡುತ್ತೀಯ.

ಈಗ ಕ್ರಮವಾಗಿ ಹೇಳುತ್ತೇನೆ. ನಿನ್ನ ಉತ್ತರ ಬಂದ ದಿನ ಮಾವ ಅದನ್ನು ನಿಂತೇ ಓದಿ, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು, ಕೈ ತೊಳೆದು ಲೇತಿನ ಹತ್ತಿರ ಹೋದರು. ಉಂಗುರಗಳನ್ನು ಇಳಿಸಿದ ಮೇಲೆ ಮೈಕ್ರೋಮೀಟರನ್ನು ನನ್ನ ಕೈಗೆ ಕೊಟ್ಟು ತಾವು ದೂರ ಹೋಗಿ ನಿಂತರು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಳೆದೆ. ಎಲ್ಲಿ ಹಿಡಿದರೂ ಎರಡು ಉಂಗುರಗಳ ಅಂತರ ಅರವತ್ತು. "ಐವತ್ತೆರಡು ಬಂತಾ?" ಎಂದು ಅಲ್ಲಿಂದಲೇ ಕೇಳಿದರು. ಅವರು ನಗುತ್ತಿದ್ದುದು ಯಾಕೆಂದು ನನಗೆ ತಿಳಿಯಲಿಲ್ಲ. ನಿನಗೆ ತಿಳಿದಿರಬೇಕು.

ಮಿಲ್ಲಿನಲ್ಲಿ ಬಾಯ್ಲರಿನವರೇ ತಳದ ಕೊಳವೆಯ ತಗಡು ಬಿಚ್ಚಿ, ಸೋರುತ್ತಿದ್ದ ಕವಾಟ ಬದಲಾಯಿಸಿ ಇಟ್ಟಿದ್ದರು. ಬೆಳಗಿನಿಂದ ಸಣ್ಣಗೆ ಬಿಸಿನೀರು ಹರಿಸಿದೆವು. ನಾನು ಮೇಲೊಮ್ಮೆ ಕೆಳಗೊಮ್ಮೆ ಅಂಗೈ ಹಿಡಿಯುತ್ತಾ ಕೂತೆ. ಇಂಜಿನಿಯರಮ್ಮ ಹತ್ತಿರ ಬಂದು, "ಥರ್ಮಾಮೀಟರ್ ಇದೆಯಲ್ಲ" ಎಂದರು. ಅದನ್ನೂ ಹಚ್ಚಿದೆವು. ಎರಡೂ ಕಡೆ ಸಮವಾಯಿತು ಎಂದು ನನ್ನ ಕೈ ಹೇಳಿದ ಸ್ವಲ್ಪ ಹೊತ್ತಿಗೆ ಅದೂ ಹೇಳಿತು.

ಮಾವ ಕಂಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಹಿಂದಿನ ಸಲ ಈ ಹೊತ್ತಿಗೇ ಅದು ಬಿಗಿಯಾಗಿತ್ತಂತೆ, ಸ್ವಿಚ್ ಹಾಕುವ ಅವಸರದಲ್ಲಿ ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ಈ ಸಲ ಕಂಬಿ ಯಾವ ತಕರಾರೂ ಇಲ್ಲದೆ ತಿರುಗಿತು. ಮಾವ ನನ್ನನ್ನು ಕರೆದು, "ನೀನೂ ತಿರುಗಿಸು" ಎಂದರು. ಒಳಗೆ ಏನಕ್ಕೂ ಏನೂ ತಾಗದೆ ಅಷ್ಟು ದೊಡ್ಡ ಭಾರ ಒಂದು ಕೈಗೆ ತಿರುಗುತ್ತದಲ್ಲ, ಆ ಸುಖವನ್ನು ನೀನು ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?

ಸ್ವಿಚ್ ಹಾಕಿದರು. ಕರೆಂಟಿನ ಮೀಟರಿನ ಮುಳ್ಳು ಒಮ್ಮೆ ಮೇಲಕ್ಕೆ ಹಾರಿತು. ಮಾವ ನನ್ನ ತೋಳು ಹಿಡಿದುಕೊಂಡರು, ಗೊತ್ತಿಲ್ಲದೇ ಹಿಡಿದದ್ದು. ಮುಳ್ಳು ಕೆಳಗಿಳಿದು ತನ್ನ ಜಾಗದಲ್ಲಿ ನಿಂತಿತು. ಪಂಪು ಹಾಡಲಿಲ್ಲ, ಕಿರುಚಲಿಲ್ಲ. ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಬಾಯ್ಲರಿನವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬಾಣಂತಿ ಕ್ಷೇಮ" ಎಂದು ಕೂಗಿದರು. ಇಡೀ ನೆಲಮಾಳಿಗೆ ನಕ್ಕಿತು.

ನೀರಿನ ಲೆಕ್ಕ ಬರಲು ಮಧ್ಯಾಹ್ನವಾಯಿತು. ಇಂಜಿನಿಯರಮ್ಮ ಎರಡು ಸಲ ಓದಿಸಿದರು. ಹೊಸದಾಗಿ ಕೊಂಡಾಗ ಪಂಪು ಕೊಡುತ್ತಿದ್ದುದಕ್ಕಿಂತ ತುಸುವೇ ಕಡಿಮೆ, ಅವರು ಕೇಳಿದ್ದಕ್ಕಿಂತ ಹೆಚ್ಚು. ಆಮೇಲೆ ಮಾವನ ಕಡೆ ತಿರುಗಿ, "ಈ ಸಂದು ಆರಿಸಿದ್ದು ಯಾರು?" ಎಂದು ಕೇಳಿದರು.

"ನನ್ನನ್ನು ಯಾಕೆ ಕೇಳ್ತೀರಿ, ಅವಳು ಅಲ್ಲೇ ನಿಂತಿದ್ದಾಳಲ್ಲ" ಎಂದರು ಮಾವ.

ಎಲ್ಲರೂ ನನ್ನನ್ನು ನೋಡಿದರು. ಕಾಗದ ಕೈಯಲ್ಲಿರಲಿಲ್ಲ. ಆದರೂ ಹೇಳಿದೆ, ಅಮ್ಮಾ. ತಳದ ಹೊಳಪು, ಬಿಸಿಯಾದ ನೆತ್ತಿ, ಅಂಟಿಕೊಳ್ಳುವ ಸ್ಟೀಲು, ಮರೆತುಹೋಗುವ ಒಂದು ದಿನ, ಎಲ್ಲ ಹೇಳಿದೆ. ಪಂಪಿನ ಸದ್ದಿನ ಮೇಲೆ ಕೇಳಿಸಬೇಕಾದ್ದರಿಂದ ಕೂಗಿಯೇ ಹೇಳಿದೆ. ನಡುವೆ ಒಮ್ಮೆಯೂ ನೆಲ ನೋಡಲಿಲ್ಲ ಎಂದು ದಾರಿಯಲ್ಲಿ ಮಾವ ಹೇಳಿದ ಮೇಲೆ ನನಗೆ ಗೊತ್ತಾಯಿತು. ಇಂಜಿನಿಯರಮ್ಮ ಪೂರ್ತಿ ಕೇಳಿಸಿಕೊಂಡರು. "ಬಾಕಿ ಎರಡನ್ನೂ ಒಂದಾದ ಮೇಲೊಂದು ಕಳಿಸ್ತೀನಿ. ಆಮೇಲೆ ಮಿಲ್ಲಿನಲ್ಲಿರೋ ಎಲ್ಲಾ ಪಂಪೂ. ಬೇರೆ ಕಡೆ ಹೋಗೋ ಮಾತು ಬಿಡಿ" ಎಂದರು. ಬಾಯ್ಲರಿನವರು ಬಣ್ಣದ ಡಬ್ಬಿ ತಂದು, ನಮ್ಮ ಪಂಪಿನ ಎದುರಿನ ಗೋಡೆಯ ಮೇಲೆ "ಕಾಯಿಸದೆ ಮುಟ್ಟಬೇಡಿ" ಎಂದು ತಾವೇ ಬರೆದರು.

ವರ್ಕ್‌ಶಾಪಿಗೆ ವಾಪಸು ಬಂದಾಗ ತೊಟ್ಟಿಯಣ್ಣನಿಗೆ ಮಾವ ಹೊಸ ನಿಯಮ ಹೇಳಿದರು: ಇನ್ನು ಮೇಲೆ ಮೊದಲು ನೋಡುವುದು, ಆಮೇಲೆ ತೊಳೆಯುವುದು. "ಯಾರು ನೋಡ್ಬೇಕು ಸಾರ್?" ಎಂದು ಅವನು ಕೇಳಿದ. ಮಾವ ನನ್ನ ಕಡೆ ಕೈ ತೋರಿಸಿ ಒಳಗೆ ಹೋದರು.

ನೀನು ಬರುವ ಸುದ್ದಿ ಕೇಳಿದಾಗಿನಿಂದ ಮಾವ ನಿನ್ನ ಯಂತ್ರಕ್ಕೆ ದಿನಾ ಎಣ್ಣೆ ಹಾಕುತ್ತಿದ್ದಾರೆ. ಬಾ. ನಿನ್ನ ಜಾಗ ನಿನಗಿದೆ. ನಾನು ಮಾತ್ರ ನೀನು ನನ್ನನ್ನು ಬಿಟ್ಟುಹೋದ ಬಿಲ್ಲಿನ ಕೋಣೆಯಲ್ಲಿ ಸಿಗುವುದಿಲ್ಲ. ಬಿಲ್ಲು ಬರೆಯಲು ಬೇರೆ ಯಾರನ್ನಾದರೂ ಹುಡುಕಬೇಕಾಗುತ್ತದೆ ಎಂದು ಮಾವನಿಗೆ ಇನ್ನೂ ಹೇಳಿಲ್ಲ. ಎರಡನೆಯ ಪಂಪು ನಿನ್ನೆ ಸಂಜೆ ಬಂದಿದೆ. ನಾಳೆ ಮಾವ ಬರುವ ಹೊತ್ತಿಗೆ ನಾನು ಅದರ ಮೇಲುಕವಚದ ಬೋಲ್ಟುಗಳನ್ನು ಬಿಚ್ಚಲು ಶುರು ಮಾಡಿರುತ್ತೇನೆ.

ನಿನ್ನ
ಮಗಳು